‘ಬೇಗ’ ಎಂದರೆ ಎಷ್ಟು ಗಂಟೆ?

ಬೆನ್ನುಹುರಿಗೆ ಪೆಟ್ಟು ಬಿದ್ದರೆ ಶಸ್ತ್ರಚಿಕಿತ್ಸೆ ಬೇಗ ಆಗಬೇಕು ಎನ್ನುತ್ತಾರೆ. ಈ ‘ಬೇಗ’ಕ್ಕೆ ಪ್ರಯೋಗಾಲಯದಲ್ಲಿ ಒಂದು ಅರ್ಥ, ಆಸ್ಪತ್ರೆಯಲ್ಲಿ ಇನ್ನೊಂದು.

1911ರಲ್ಲಿ ಆಲ್ಫ್ರೆಡ್ ರೆಜಿನಾಲ್ಡ್ ಅಲೆನ್ ನಾಯಿಗಳ ಬೆನ್ನುಮೂಳೆಯ ಕಮಾನು ತೆಗೆದು, ಬಯಲಾದ ಹುರಿಯ ಮೇಲೆ ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿದರು. ಆಮೇಲೆ ಹುರಿಯನ್ನೇ ಉದ್ದಕ್ಕೆ ಸೀಳಿ, ಒಳಗೆ ಕಟ್ಟಿಕೊಂಡ ರಕ್ತ ಮತ್ತು ದ್ರವಕ್ಕೆ ದಾರಿ ಮಾಡಿಕೊಟ್ಟರು. ಹಾಗೆ ಮಾಡಿದ ನಾಯಿಗಳು ಹೆಚ್ಚು ಚೇತರಿಸಿಕೊಂಡವು. ಅಂದರೆ ಹಾನಿ ಪೆಟ್ಟು ಬಿದ್ದ ಕ್ಷಣಕ್ಕೇ ಮುಗಿಯುವುದಿಲ್ಲ. ಊತ, ರಕ್ತಸ್ರಾವ, ರಕ್ತ ಪೂರೈಕೆಯ ಕೊರತೆ ಸೇರಿ ಗಂಟೆಗಟ್ಟಲೆ ಬೆಳೆಯುತ್ತದೆ.

ಆ ಗಂಟೆಗಳನ್ನು ಎಣಿಸಿದ್ದು 1995ರಲ್ಲಿ ಡೆಲಾಮಾರ್ಟರ್ ಮತ್ತು ಸಂಗಡಿಗರು. 30 ಬೀಗಲ್ ನಾಯಿಗಳ ಹುರಿಯನ್ನು ಅರ್ಧದಷ್ಟು ಹಿಸುಕಿ, ಕೆಲವಕ್ಕೆ ಕೂಡಲೇ, ಉಳಿದವಕ್ಕೆ 1 ಗಂಟೆ, 6 ಗಂಟೆ, 24 ಗಂಟೆ, ಒಂದು ವಾರದ ನಂತರ ಒತ್ತಡ ಬಿಡಿಸಿದರು. ಮೊದಲೆರಡು ಗುಂಪುಗಳು ಮತ್ತೆ ನಡೆದಾಡಿದವು. 6 ಗಂಟೆ ಕಾದವು ನಡೆಯಲೇ ಇಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ಗೆರೆ ಎಳೆದದ್ದು 24 ಗಂಟೆಗೆ! 2012ರಲ್ಲಿ ಪ್ರಕಟವಾದ ಸ್ಟಾಸಿಸ್ ಅಧ್ಯಯನದಲ್ಲಿ ಕತ್ತಿನ ಬೆನ್ನುಹುರಿಗೆ ಗಾಯವಾದವರಲ್ಲಿ ‘ಬೇಗ’ದ ಗುಂಪಿಗೆ ಸರಾಸರಿ 14.2 ಗಂಟೆಗೆ, ‘ತಡ’ದ ಗುಂಪಿಗೆ 48.3 ಗಂಟೆಗೆ ಶಸ್ತ್ರಚಿಕಿತ್ಸೆ ಆಯಿತು. ಆರು ತಿಂಗಳಲ್ಲಿ ಎರಡು ದರ್ಜೆಯಷ್ಟು ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇ. 19.8, ಎರಡನೆಯದರಲ್ಲಿ ಶೇ. 8.8. ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲ ಅವು, ಆದ್ದರಿಂದ ಸ್ವಲ್ಪ ಎಚ್ಚರದಿಂದ ಓದಬೇಕು. ಆದರೂ ನಾಯಿಗಳು ಹೇಳಿದ ದಿಕ್ಕು ಅದೇ.

ನಾಯಿಯ ಗಂಟೆಯನ್ನು ಮನುಷ್ಯನ ಗಂಟೆಗೆ ನೇರವಾಗಿ ಅನುವಾದಿಸಲಾಗದು, ನಿಜ. ಅಲೆನ್‌ರ ನಾಯಿಗಳ ಮೂಳೆ ಪೆಟ್ಟಿಗೆ ಮೊದಲೇ ತೆಗೆದಿತ್ತು; ಮರದಿಂದ ಬಿದ್ದವನಿಗೆ ಮುರಿದ ಮೂಳೆ ಹುರಿಯನ್ನು ಒತ್ತುತ್ತಲೇ ಇರುತ್ತದೆ. ಹಾಗಿದ್ದರೂ ‘ಬೇಗ ಒಳ್ಳೆಯದೇ?’ ಎಂದು ಕೇಳಲು ಇನ್ನಷ್ಟು ನಾಯಿಗಳ ಬೆನ್ನು ಹಿಸುಕುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಆ ಉತ್ತರಕ್ಕೆ ಅವು ಆಗಲೇ ಬೆಲೆ ತೆತ್ತಿವೆ.

ಈಗ ಅಳೆಯಬೇಕಾದದ್ದು ದಾರಿ. ತೆಂಗಿನ ಮರದಿಂದ ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಆಟೋಗೆ ಹಾಕುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ, ಅಲ್ಲಿಂದ ಜಿಲ್ಲೆಗೆ ಚೀಟಿ, ಎಂ.ಆರ್.ಐ.ಗೆ ಸರದಿ, ಅಲ್ಲಿಂದ ನಗರಕ್ಕೆ ಇನ್ನೊಂದು ಚೀಟಿ. ಹಣ ಹೊಂದಿಸಲು ಅಣ್ಣ ಊರಿಗೆ ವಾಪಸು ಹೋಗಿರುತ್ತಾನೆ. ಬೀಗಲ್‌ಗಳ ಆರನೇ ಗಂಟೆ ಮೊದಲ ಚೀಟಿಯ ಹೊತ್ತಿಗೇ ಕಳೆದಿರುತ್ತದೆ.