ಬಿಟ್ಟಿ ಅಂತ ಹೇಳುದು ಯಾವುದಕ್ಕೆ?

ಗೃಹಲಕ್ಷ್ಮಿಯ 2000 ರೂಪಾಯಿಯಿಂದ ಹೆಂಗಸರು ಸೋಮಾರಿಗಳಾದ್ರಂತೆ! ಹಾಗೆ ಹೇಳುವವರು ನಮ್ಮ ಹೆಜಮಾಡಿಯಲ್ಲಿ ಬೀಡಿ ಕಟ್ಟುವವರ ಬೆರಳು ನೋಡಿದ್ದಾರಾ ಅಕ್ಕಂದಿರೇ?

ಮೀನುಗಾರಿಕೆ ಬೋಟಿನ ಡೀಸೆಲ್‌ಗೆ ಸರ್ಕಾರ ತೆರಿಗೆ ಬಿಡ್ತದೆ, ತೋಟದ ಪಂಪಿಗೆ 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ. ಅದೆಲ್ಲ ಬೇಕು, ನಾನು ಬೇಡ ಹೇಳುದಿಲ್ಲ. ಆದ್ರೆ ಅದಕ್ಕೆ ‘ಪ್ರೋತ್ಸಾಹ’ ಅಂತ ಹೆಸರು; ಅಡಿಗೆಮನೆಗೆ ಬಂದ ಕೂಡಲೇ ‘ಬಿಟ್ಟಿ’ ಆಗುದು ಎಂತಕ್ಕೆ?

2023ರ ಶಕ್ತಿ ಯೋಜನೆಯೂ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಹೆಚ್ಚು ಓಡುದು ಖಾಸಗಿ ಬಸ್ಸು, ಟಿಕೆಟು ತೆಗೆದೇ ಹೋಗ್ತೇವೆ.

2000ದಲ್ಲಿ ಮನೆ ನಡೆಯುದಿಲ್ಲ, ಸರಿ. ಆದ್ರೆ ಅತ್ತೆಯ ಮಾತ್ರೆಗೆ, ಮಗಳ ಪುಸ್ತಕಕ್ಕೆ ಇನ್ನೊಬ್ಬರ ಮುಂದೆ ಕೈಯೊಡ್ಡುದು ತಪ್ತದೆ.

ಮದುವೆಯಾದಂದಿನಿಂದ ನಾವು ಸಂಬಳ ಇಲ್ಲದೆ ಮಾಡಿದ್ದುಂಟಲ್ಲ, ಬಿಟ್ಟಿ ಚಾಕರಿ ಅಂದ್ರೆ ಅದು. ಅದರ ಲೆಕ್ಕ ಮೊದಲು ಹಾಕಿ, ಮತ್ತೆ ಮಾತಾಡುವ.