ಪ್ರಗತಿಪತ್ರದ ಶರಾ

ಶಾಲೆಯ ಪ್ರಗತಿಪತ್ರದಲ್ಲಿ ಅಂಕಗಳ ಪಟ್ಟಿ ಮುಗಿದ ಮೇಲೆ 'ಶರಾ' ಎಂಬ ಕಿರಿದಾದ ಸ್ಥಳವೊಂದು ಇರುತ್ತದೆ. ಅಲ್ಲಿ ಒಂದು ಸಾಲಿಗಿಂತ ಹೆಚ್ಚು ಬರೆಯಲು ಎಡೆಯಿಲ್ಲ. 'ಬುದ್ಧಿಯಿದೆ, ಲಕ್ಷ್ಯವಿಲ್ಲ', 'ಬಹಳ ತುಂಟ', 'ಸೋಮಾರಿ' ಎಂದು ಬರೆದು ಉಪಾಧ್ಯಾಯರು ಕೈತೊಳೆದುಕೊಳ್ಳುತ್ತಾರೆ. ಪಾಲಕರು ಸಹಿ ಹಾಕಿ ಹಿಂದಿರುಗಿಸುತ್ತಾರೆ. ಮೂವತ್ತು ವರ್ಷಗಳ ಅನಂತರ ವೈದ್ಯರೊಬ್ಬರು ಆ ಸಾಲನ್ನು ಹುಡುಕಿಸುವ ಸಂದರ್ಭ ಬರಬಹುದೆಂದರೆ ನಿಮಗೆ ಆಶ್ಚರ್ಯವಾದೀತು.

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ವ್ಯತ್ಯಯ ಎಂಬುದೊಂದು ಸ್ಥಿತಿಯುಂಟು. ಎ.ಡಿ.ಎಚ್.ಡಿ. ಎಂಬ ಹ್ರಸ್ವನಾಮದಿಂದ ಅದು ಪರಿಚಿತವಾಗಿದೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದು. ಒಂದೇ ಮನೆತನದ ಹಲವರಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಿಲ್ಲ. ಪ್ರಾಯದವರಲ್ಲಿ ಇದನ್ನು ಗುರುತಿಸಬೇಕಾದರೆ ಇದರ ಹಲವು ಲಕ್ಷಣಗಳು ಬಾಲ್ಯದಲ್ಲಿಯೇ ಇದ್ದುವೆಂಬುದು ತಿಳಿಯಬೇಕು. ಮೊದಲು ಏಳು ವರ್ಷದೊಳಗೆ ಎಂದಿದ್ದ ಈ ಗಡಿಯನ್ನು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 2013ರಲ್ಲಿ ಹನ್ನೆರಡಕ್ಕೆ ಏರಿಸಿತು. ಆದುದರಿಂದಲೇ ವೈದ್ಯರು ತಾಯಿಯನ್ನು ಕೇಳುತ್ತಾರೆ, ಒಡಹುಟ್ಟಿದವರನ್ನು ಕೇಳುತ್ತಾರೆ, ಹಳೆಯ ಪ್ರಗತಿಪತ್ರವಿದ್ದರೆ ತರಹೇಳುತ್ತಾರೆ.

ನಮ್ಮ ಮೋಟೆಬೆನ್ನೂರಿನ ಕಡೆ ಇಂಥ ಮಕ್ಕಳಿಗೆ ಹೆಸರುಗಳಿಗೇನೂ ಕೊರತೆಯಿರಲಿಲ್ಲ. ಕುಳಿತಲ್ಲಿ ಕುಳಿತಿರದವನು ಕಾಲಿಗೆ ಚಕ್ರ ಕಟ್ಟಿಕೊಂಡವನು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವವನು ಅಧಿಕಪ್ರಸಂಗಿ. ಪಾಟಿ, ಬಳಪ, ಕೊಡೆ ಎಲ್ಲವನ್ನೂ ದಿನಕ್ಕೊಂದರಂತೆ ಕಳೆದು ಬರುವವನು ಮರೆಗುಳಿ. ಕಿಟಕಿಯ ಬಳಿ ಕುಳಿತು ಹೆದ್ದಾರಿಯ ಲಾರಿಗಳನ್ನು ನೋಡುತ್ತ ಪಾಠವನ್ನೇ ಮರೆಯುವ ಹುಡುಗಿಗೆ ಮಾತ್ರ ಹೆಸರೇ ಇರಲಿಲ್ಲ. ಅವಳು ಯಾರಿಗೂ ತೊಂದರೆ ಕೊಡುತ್ತಿರಲಿಲ್ಲವಲ್ಲ! ಹುಡುಗಿಯರಲ್ಲಿ ಈ ಸ್ಥಿತಿ ಹೆಚ್ಚಾಗಿ ಸದ್ದಿಲ್ಲದ ಅನ್ಯಮನಸ್ಕತೆಯಾಗಿ ಇರುವುದರಿಂದ ಅದು ಕಣ್ಣಿಗೆ ಬೀಳದೆ ಹೋಗುತ್ತದೆ.

ಮನಸ್ಸು ಚಂಚಲವೆಂಬುದು ಹೊಸ ಮಾತೇನಲ್ಲ. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿಕೊಂಡರು. ಹಾಗಾದರೆ ಎಲ್ಲರಿಗೂ ಈ ವ್ಯತ್ಯಯವಿದೆಯೆ? ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿನಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲರ ಅನುಭವ. ಮನೆಯಲ್ಲಿಯೂ ಶಾಲೆಯಲ್ಲಿಯೂ, ತಿಂಗಳುಗಟ್ಟಲೆ, ವಯಸ್ಸಿಗೆ ಮೀರಿದ ಪ್ರಮಾಣದಲ್ಲಿ ಅದು ಉಳಿದು, ಮಗುವಿನ ಬಾಳಿಗೆ ತೊಡಕಾದಾಗಲಷ್ಟೆ ವೈದ್ಯರು ಆ ಹೆಸರನ್ನು ಹೇಳುತ್ತಾರೆ. ನಿದ್ರೆಗೇಡು, ಆತಂಕ, ಖಿನ್ನತೆ, ಥೈರಾಯ್ಡ್ ದೋಷ ಇವೂ ಗಮನವನ್ನು ಕೆಡಿಸಬಲ್ಲವು. ಮೊಬೈಲಿನಲ್ಲಿ ಎರಡು ನಿಮಿಷದ ಚಿತ್ರ ನೋಡಿ ತನಗೂ ಇದೆಯೆಂದು ತೀರ್ಮಾನಿಸುವವರು ಈಗ ಹೆಚ್ಚಾಗಿದ್ದಾರೆ. ಆ ಅವಸರ ಒಳ್ಳೆಯದಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿದ್ದಾರೆ. ರಾಶಿಯಿಂದ ರಾಶಿಗೆ ಓಡಾಡುತ್ತ ಬಣ್ಣ, ಸುಕ್ಕು, ತೇವಗಳನ್ನು ನೋಡಿ ದರ ಹೇಳುವುದರಲ್ಲಿ ಅವರು ನಿಪುಣರು. ಸಂಜೆ ಲೆಕ್ಕ ಬರೆಯಲು ಕುಳಿತರೆ ಕಾಲು ಗಂಟೆಯೂ ಕೂಡಲಾರರು. ಕೊಟ್ಟ ಮಾತು, ಕಟ್ಟಬೇಕಾದ ಕಂತು ಎರಡೂ ಮರೆತುಹೋಗುತ್ತವೆ. ಅವರ ಮಗನನ್ನು ಪರೀಕ್ಷಿಸಿದ ವೈದ್ಯರು ಒಂದೊಂದೇ ಲಕ್ಷಣವನ್ನು ಹೇಳುತ್ತಿದ್ದಾಗ, ಮಗನ ಪಕ್ಕದಲ್ಲಿ ಕುಳಿತಿದ್ದ ತಂದೆಗೆ ಅದು ತನ್ನದೇ ಚರಿತ್ರೆಯೆನಿಸಿತು. ಮುಂದೆ ಅವರೂ ಪರೀಕ್ಷೆಗೆ ಒಳಗಾದರು. ಅವರು ನನಗೆ ಹೇಳಿದುದು ಇಷ್ಟೆ: "ಸರ್, ನಲವತ್ತು ವರ್ಷ ನಾನು ಕೆಟ್ಟವನೆಂದು ನಂಬಿದ್ದೆ." ವಯಸ್ಸಾದಂತೆ ಹೊರಗಿನ ಓಡಾಟ ತಗ್ಗುತ್ತದೆ, ಒಳಗಿನ ತಳಮಳ ಹಲವರಲ್ಲಿ ಉಳಿಯುತ್ತದೆ. ಇನ್ನೂ ಆಳವಾಗಿ ಉಳಿಯುವುದು ಬಾಲ್ಯದಲ್ಲಿ ಕೇಳಿದ ಬೈಗುಳ.

ವೈದ್ಯರೂ ಈ ವಿಷಯದಲ್ಲಿ ಬಹುಕಾಲ ಉಪಾಧ್ಯಾಯರ ಭಾಷೆಯನ್ನೇ ಆಡಿದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಕೆಲವು ಮಕ್ಕಳನ್ನು ವರ್ಣಿಸಿ, ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದನು. ಗಮನದ ಕೊರತೆ ಎಂಬ ಹೆಸರು ಅಮೆರಿಕದ ಆ ಕೈಪಿಡಿಯಲ್ಲಿ ಸೇರಿದುದು 1980ರಲ್ಲಿ. ಈಗಿನ ಪೂರ್ಣ ಹೆಸರು ಬಂದುದು 1987ರಲ್ಲಿ. ನನ್ನ ಓರಗೆಯವರು ಬೆಂಚಿನ ಮೇಲೆ ನಿಂತು ಶಿಕ್ಷೆ ಅನುಭವಿಸುತ್ತಿದ್ದಾಗ ಈ ಹೆಸರೇ ಹುಟ್ಟಿರಲಿಲ್ಲ.

ಹೆಸರು ಕೊಟ್ಟರೆ ಸೋಮಾರಿತನಕ್ಕೆ ನೆಪ ಸಿಕ್ಕಂತಾಯಿತು ಎಂದು ಆಕ್ಷೇಪಿಸುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ದೃಷ್ಟಿ ಮಂದವೆಂದು ತಿಳಿದ ಹುಡುಗನಿಗೆ ಕನ್ನಡಕ ಕೊಡಿಸುತ್ತೇವೆ; ಅವನ ಓದಿನ ಹೊಣೆ ಆಮೇಲೂ ಅವನದೇ. ಆ ವ್ಯಾಪಾರಿಯೂ ಈಗ ಎಲ್ಲವನ್ನೂ ಕಿಸೆಯ ಪುಸ್ತಕದಲ್ಲಿ ಬರೆದಿಡುತ್ತಾರೆ. ವೈದ್ಯರ ಸಲಹೆಯಂತೆ ಔಷಧಿಯನ್ನೂ ಸೇವಿಸುತ್ತಾರೆ. ಲೆಕ್ಕದ ಪುಸ್ತಕ ಮಾತ್ರ ಈಗಲೂ ಅವರ ಹೆಂಡತಿಯ ಕೈಯಲ್ಲಿದೆ, ಅದು ಜಾಣತನವೇ ಸರಿ. ನಮ್ಮ ಜಿಲ್ಲೆಯವರು ಇಂಥ ಸಲಹೆಗಾಗಿ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಶರಾದ ಮಾತು. 'ಸೋಮಾರಿ' ಎಂಬ ಪದದಿಂದ ಮೂವತ್ತು ವರ್ಷಗಳ ಅನಂತರದ ವೈದ್ಯನಿಗೆ ಏನೂ ತಿಳಿಯದು. ಅದು ತೀರ್ಪು, ಸಾಕ್ಷ್ಯವಲ್ಲ. ದೊಡ್ಡವರಾದ ಮೇಲೆ ಬಾಲ್ಯದ ನೆನಪೂ ಮಸುಕಾಗುತ್ತದೆ, ಬಣ್ಣ ಬದಲಿಸುತ್ತದೆ. ಆದುದರಿಂದ ಕಂಡದ್ದನ್ನು ಕಂಡ ಹಾಗೆ ಬರೆದಿಡುವ ಉಪಾಧ್ಯಾಯರೇ ಆ ಮಗುವಿಗೆ ನಿಜವಾದ ಸಾಕ್ಷಿ. 'ಬಾಯಿಲೆಕ್ಕ ಸರಿಯಾಗಿ ಹೇಳುತ್ತಾಳೆ. ಬರೆಯುವಾಗ ಅರ್ಧಕ್ಕೆ ಬಿಟ್ಟು ಹೊರಗೆ ನೋಡುತ್ತಾಳೆ. ಹತ್ತಿರ ಕೂರಿಸಿಕೊಂಡರೆ ಮುಗಿಸುತ್ತಾಳೆ.' ಇಷ್ಟನ್ನು ಬರೆಯಲು ಆ ಕಿರಿದಾದ ಸ್ಥಳ ಸಾಲದು, ನಿಜ. ಆದರೆ ಪ್ರಗತಿಪತ್ರದ ಹಿಂಬದಿ ಸಾಮಾನ್ಯವಾಗಿ ಖಾಲಿಯಾಗಿಯೇ ಇರುತ್ತದೆ.