ಕಾನೂನು ಮತ್ತು ಕುಟುಂಬ: ಭಾಷೆಯ ತೊಡಕೋ, ಕಲಿಕೆಯ ನ್ಯೂನತೆಯೋ?

ಕಂಪ್ಲಿಯ ಸಮೀಪದ ಹಳ್ಳಿಯ ತಾಯಿಯೊಬ್ಬರು ಈ ಅಂಕಣಕ್ಕೆ ಕೇಳಿರುವ ಪ್ರಶ್ನೆ ಅನೇಕ ಮನೆಗಳ ಪ್ರಶ್ನೆಯೂ ಆಗಿರುವುದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇನೆ. ಅವರ ಮಗ ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗದಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾನೆ. ಮಾತಿನಲ್ಲಿ ಚುರುಕು, ಸಂತೆಯ ಲೆಕ್ಕವನ್ನು ಬಾಯಿಯಲ್ಲೇ ಹೇಳುತ್ತಾನೆ. ಪುಸ್ತಕ ಹಿಡಿದರೆ ಮಾತ್ರ ಒಂದು ಸಾಲು ದಾಟುವುದಿಲ್ಲ. ಶಾಲೆಯಲ್ಲಿ "ಇವನು ಬುದ್ಧಿಮಾಂದ್ಯ, ವಿಶೇಷ ಶಾಲೆಗೆ ಸೇರಿಸಿರಿ" ಎಂದರಂತೆ. ನೆರೆಹೊರೆಯವರು "ಇಂಗ್ಲಿಷ್ ಬಾರದ್ದಕ್ಕೆ ಹೀಗೆ, ದೊಡ್ಡವನಾದರೆ ಸರಿಹೋಗುತ್ತಾನೆ" ಎಂದರಂತೆ. "ಯಾರ ಮಾತನ್ನು ನಂಬಲಿ?" ಎಂದು ಆ ತಾಯಿ ಕೇಳಿದ್ದಾರೆ.

ಸದ್ಯಕ್ಕೆ ಇಬ್ಬರ ಮಾತನ್ನೂ ನಂಬಬೇಕಾಗಿಲ್ಲ. ಮೊದಲು ಮಗುವಿಗೆ ಕನ್ನಡದ ಪುಸ್ತಕವನ್ನು ಕೊಟ್ಟು ನೋಡಬೇಕು. ಅಕ್ಷರ ಕಲಿಸಿದ ಮೇಲೆ ಕನ್ನಡವನ್ನು ಸರಾಗವಾಗಿ ಓದಿ ಇಂಗ್ಲಿಷಿನಲ್ಲಿ ಮಾತ್ರ ಮುಗ್ಗರಿಸಿದರೆ ತೊಂದರೆ ಬಹುಮಟ್ಟಿಗೆ ಭಾಷೆಯದು. ಅದಕ್ಕೆ ಬೇಕಾದದ್ದು ಹೆಚ್ಚಿನ ಬೋಧನೆಯೇ ಹೊರತು ಪ್ರಮಾಣಪತ್ರವಲ್ಲ. ಎರಡೂ ಭಾಷೆಗಳಲ್ಲಿ, ಕಲಿಸಿದಷ್ಟೂ, ಅಕ್ಷರ ಕೈಗೂಡದಿದ್ದರೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಶಂಕಿಸಿ ತಜ್ಞರಲ್ಲಿಗೆ ಹೋಗಬೇಕು. ಈ ನ್ಯೂನತೆಯುಳ್ಳ ಮಗುವಿನ ಬುದ್ಧಿಶಕ್ತಿಗೆ ಕೊರತೆಯಿರಬೇಕೆಂದಿಲ್ಲ. ಓದುವ, ಬರೆಯುವ ಅಥವಾ ಲೆಕ್ಕ ಮಾಡುವ ಒಂದು ಕೌಶಲದಲ್ಲಷ್ಟೇ ತೊಡಕಿರುತ್ತದೆ.

ಯಾವ ಭಾಷೆಯಲ್ಲಿ ಪರೀಕ್ಷಿಸುತ್ತಾರೆಂಬುದರ ಮೇಲೆ ಮಗುವಿನ ಬಾಳೇ ನಿಂತಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತನಾಡುವ ಮನೆಗಳ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಬುದ್ಧಿಪರೀಕ್ಷೆ ಮಾಡಿ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಅವರ ಭಾಷೆಯಲ್ಲಿಯೇ ಮತ್ತೆ ಪರೀಕ್ಷಿಸಿದಾಗ ಬಹುತೇಕ ಮಕ್ಕಳು ಆ ವರ್ಗಕ್ಕೆ ಸೇರಿದವರೇ ಅಲ್ಲವೆಂದು ತಿಳಿಯಿತು. 1970ರಲ್ಲಿ ಇತ್ಯರ್ಥವಾದ ಡಯಾನಾ ಮೊಕದ್ದಮೆಯೆಂದು ಅದು ಪ್ರಸಿದ್ಧವಾಗಿದೆ. ಇಂದು ಆ ದೇಶದ ಕಾನೂನಿನಂತೆ ಮಗುವನ್ನು ಅದರ ಮಾತೃಭಾಷೆಯಲ್ಲಿ ಪರೀಕ್ಷಿಸಬೇಕು, ಇಂಗ್ಲಿಷ್ ಅರಿಯದ ತಂದೆತಾಯಿಗಳಿಗೆ ಸಭೆಯಲ್ಲಿ ದುಭಾಷಿಯನ್ನು ಶಾಲೆಯೇ ಒದಗಿಸಬೇಕು. ಮಗ-ಸೊಸೆ ಅಲ್ಲಿರುವ ನಮ್ಮ ಮನೆಗಳವರು ಇದನ್ನು ಅವರಿಗೆ ತಿಳಿಸಬಹುದು. ಮನೆಯಲ್ಲಿ ಕನ್ನಡವಾಡಿದರೆ ಮೊಮ್ಮಗುವಿಗೆ ಮಾತು ತಡವಾದೀತೆಂಬ ಭಯವನ್ನೂ ಬಿಡಬಹುದು. ಎರಡು ಭಾಷೆಯ ಮನೆಯಿಂದ ಕಲಿಕಾ ನ್ಯೂನತೆ ಹುಟ್ಟುವುದಿಲ್ಲ.

ನಮ್ಮಲ್ಲಿಯೂ ಈಗ ಕನ್ನಡದಲ್ಲಿ ಪರೀಕ್ಷಿಸುವ ಸಾಧನಗಳಿವೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ರೂಪಿಸಿದ 'ಡಾಲಿ' ಎಂಬ ಪರೀಕ್ಷಾಮಾಲೆ ಹಿಂದಿ, ಮರಾಠಿ ಮತ್ತು ಇಂಗ್ಲಿಷಿನೊಂದಿಗೆ ಕನ್ನಡದಲ್ಲಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕಾರ್ಯದಲ್ಲಿ ಹೆಸರಾದವು. ಆದರೆ ಸಂಡೂರಿನ ತಾಂಡಾದಲ್ಲಿ ಲಂಬಾಣಿ ಮಾತನಾಡುತ್ತ ಬೆಳೆದು ಕನ್ನಡ ಶಾಲೆಗೆ ಬರುವ ಮಗುವಿಗೆ ಕನ್ನಡವೂ ಎರಡನೆಯ ಭಾಷೆಯೇ. ಹೊಸಪೇಟೆಯ ಉರ್ದು ಮನೆಗಳ ಮಕ್ಕಳ, ತುಂಗಭದ್ರೆಯ ದಂಡೆಯ ತೆಲುಗು ಮನೆಗಳ ಮಕ್ಕಳ ಸ್ಥಿತಿಯೂ ಭಿನ್ನವಲ್ಲ. ಹಂಪಿಯ ಪ್ರವಾಸಿಗರೊಡನೆ ನಾಲ್ಕು ಇಂಗ್ಲಿಷ್ ಮಾತನ್ನು ಧೈರ್ಯವಾಗಿ ಆಡುವ ಬಾಲಕನಿಗೆ ಇಂಗ್ಲಿಷ್ ಪಾಠ ತಿಳಿದೇ ತಿಳಿಯುತ್ತದೆಂದು ಭಾವಿಸುವುದೂ ತಪ್ಪು. ಆದುದರಿಂದ ಮನೆಯ ಭಾಷೆ ಯಾವುದೆಂಬುದನ್ನು ತಜ್ಞರಿಗೆ ಮೊದಲೇ ತಿಳಿಸಿ, ವರದಿಯಲ್ಲಿ ಬರೆಯಿಸಬೇಕು.

ಇನ್ನು ಕಾನೂನಿನ ಮಾತು. 1995ರ ಅಧಿನಿಯಮವು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಒಪ್ಪಿತ್ತು; ಕಲಿಕಾ ನ್ಯೂನತೆಯ ಹೆಸರೇ ಅದರಲ್ಲಿರಲಿಲ್ಲ. ಅದರ ಸ್ಥಾನದಲ್ಲಿ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು 21 ಬಗೆಗಳನ್ನು ಹೆಸರಿಸಿದೆ. ಕಲಿಕಾ ನ್ಯೂನತೆ ಅವುಗಳಲ್ಲೊಂದು. ಇದರ 16ನೆಯ ಪ್ರಕರಣದಂತೆ ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮವನ್ನು ಅನುಸರಿಸಬೇಕು, ಕಿವುಡ ಮತ್ತು ಅಂಧ ಮಕ್ಕಳಿಗೆ ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಹಾಗೂ ಸಂವಹನ ವಿಧಾನದಲ್ಲಿ ಶಿಕ್ಷಣ ಕೊಡಬೇಕು. ಕಿವುಡ ಮಗುವಿಗೆ ಸಂಜ್ಞಾಭಾಷೆಯೇ ಆ ಭಾಷೆಯಾಗಿರಬಹುದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ನಮ್ಮ ಸಮಾಜದ ಸಂಘಗಳೂ ಮಠಗಳೂ ನಡೆಸುವ ಶಾಲೆಗಳು ಹೊರತಲ್ಲವೆಂಬುದನ್ನು ಆಡಳಿತ ಮಂಡಳಿಗಳ ಹಿರಿಯರು ಗಮನಿಸಬೇಕಾಗಿ ವಿನಂತಿ.

ಹೆಚ್ಚಿನ ಪೋಷಕರಿಗೆ ತಿಳಿಯದೆ ಉಳಿದಿರುವುದು 17ನೆಯ ಪ್ರಕರಣ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ, ಇವನ್ನು ಕಲ್ಪಿಸುವಂತೆ ಅದು ಸರ್ಕಾರಕ್ಕೆ ಹೊಣೆ ಹೊರಿಸಿದೆ. ಓದಲು ಕಷ್ಟಪಡುವ ಮಗುವಿಗೆ ಮೂರು ಭಾಷೆ, ಮೂರು ಲಿಪಿಗಳ ಹೊರೆ ಎಷ್ಟೆಂಬುದನ್ನು ಅನುಭವಿಸಿದವರೇ ಬಲ್ಲರು. ಆದರೂ ಭಾಷಾ ವಿನಾಯಿತಿಯನ್ನು ಅವಸರದಿಂದ ಕೇಳಬಾರದೆಂಬುದು ನನ್ನ ಅಭಿಪ್ರಾಯ. ಇಂಗ್ಲಿಷನ್ನು ಬಿಟ್ಟ ಮಗು ಮುಂದೆ ಕಾಲೇಜಿನಲ್ಲಿ ಪರದಾಡಬಹುದು. ಕನ್ನಡವನ್ನು ಬಿಟ್ಟರೆ ಈ ನಾಡಿನ ನೌಕರಿಯ ಬಾಗಿಲುಗಳೇ ಕಿರಿದಾಗಬಹುದು. ಮೊದಲು ಹೆಚ್ಚಿನ ಸಮಯವನ್ನೂ ಸಹಾಯಕನನ್ನೂ ಕೇಳಿ, ಸಾಲದಾದಾಗ ವಿನಾಯಿತಿಯನ್ನು ಯೋಚಿಸುವುದು ಲೇಸು.

ಶಿಕ್ಷಣ ಹಕ್ಕು ಅಧಿನಿಯಮವೂ ಮಗುವಿನ ಬೆನ್ನಿಗಿದೆ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ತರಗತಿಯೆದುರು "ದಡ್ಡ" ಎಂದು ಹೀಗಳೆಯುವಂತಹ ಮಾನಸಿಕ ಹಿಂಸೆಯೂ ನಿಷಿದ್ಧ. ಬೋಧನೆ 'ಸಾಧ್ಯವಾದ ಮಟ್ಟಿಗೆ' ಮಾತೃಭಾಷೆಯಲ್ಲಿರಬೇಕೆಂದು 29ನೆಯ ಪ್ರಕರಣ ಹೇಳುತ್ತದೆ. ಆ 'ಸಾಧ್ಯವಾದ ಮಟ್ಟಿಗೆ' ಎಂಬ ಎರಡು ಪದಗಳ ಸಂದಿಯಲ್ಲಿ ಎಷ್ಟೋ ಮಕ್ಕಳ ಭಾಷೆ ಕಳೆದುಹೋಗಿದೆ! ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಬಲವಂತವಾಗಿ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪಿತ್ತಿತು. ಮಾಧ್ಯಮದ ಆಯ್ಕೆ ಪೋಷಕರದಾಯಿತು. 2019ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳೂ ತೆರೆದವು. ಓದುವುದರಲ್ಲಿ ತೊಡಕುಳ್ಳ ಮಗುವಿಗೆ ಮನೆಯ ಭಾಷೆಯ ಮಾಧ್ಯಮವೇ ಹಗುರವೆಂಬುದನ್ನು ಆಯ್ಕೆಗೆ ಮುನ್ನ ನೆನೆಯಬೇಕು.

ನ್ಯೂನತೆ ಶೇಕಡಾ 40ಕ್ಕಿಂತ ಕಡಿಮೆಯೆಂದು ಪ್ರಮಾಣಪತ್ರ ಬಂದರೆ ಎಲ್ಲ ಮುಗಿಯಿತೆಂದು ಕೈಚೆಲ್ಲುವವರುಂಟು. 18 ವರ್ಷದವರೆಗಿನ ಉಚಿತ ಶಿಕ್ಷಣ, ಉಚಿತ ಪುಸ್ತಕ ಮತ್ತು ಸಲಕರಣೆಗಳಿಗೆ ಆ ಮಿತಿ ಉಂಟು, ನಿಜ. ಆದರೆ ಪರೀಕ್ಷೆಯಲ್ಲಿ ಸಹಾಯಕನನ್ನು ಪಡೆಯುವ ಹಕ್ಕು ಶೇಕಡಾ 40ಕ್ಕೆ ಕಟ್ಟುಬಿದ್ದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ಇನ್ನೊಂದು ತೀರ್ಪು ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರೆಂಬ ಪ್ರಮಾಣವನ್ನು ನಿಗದಿಪಡಿಸಿತು. ಹುದ್ದೆಗಳನ್ನು ಗುರುತಿಸಿ ಪ್ರಕಟಿಸಿರೆಂದು 2025ರ ಮಾರ್ಚ್‌ನಲ್ಲಿ ನ್ಯಾಯಾಲಯವು ರಾಜ್ಯಗಳಿಗೆ ಮತ್ತೆ ಆಜ್ಞಾಪಿಸಬೇಕಾಯಿತೆಂದರೆ ಕೆಲಸ ಎಷ್ಟು ಸಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಕಂಪ್ಲಿಯ ಆ ತಾಯಿ ಮಾಡಬೇಕಾದದ್ದು ಇಷ್ಟು. ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲಿಯೇ ಒಂದು ಅರ್ಜಿ ಬರೆದು, ಮಗನನ್ನು ಕನ್ನಡದಲ್ಲಿ ಪರೀಕ್ಷಿಸಿಸಬೇಕೆಂದು ಕೋರಿ, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಬಾಯಿಮಾತಿನ ಕೋರಿಕೆಗೆ ಕಚೇರಿಯಲ್ಲಿ ದಾಖಲೆಯಿರುವುದಿಲ್ಲ. ಅಲ್ಲಿ ಕೆಲಸವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಬೇಕು. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಜಿಲ್ಲಾ ಕಚೇರಿಯ ವಿಷಯದಲ್ಲಿ ಗೊಂದಲ ಬೇಡ: 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿಯವರಿಗೆ ಹೊಸಪೇಟೆಯೇ ಜಿಲ್ಲಾ ಕೇಂದ್ರ, ಕಂಪ್ಲಿ, ಸಂಡೂರಿನವರು ಬಳ್ಳಾರಿಗೇ ಹೋಗಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ಅಂಚೆಯ ಮೂಲಕ ದೂರು ಕಳುಹಿಸಬಹುದು. ಅದರೊಂದಿಗೆ ಸ್ವೀಕೃತಿಯ ಸಹಿಯುಳ್ಳ ಆ ಮೊದಲ ಅರ್ಜಿಯ ನಕಲನ್ನು ಲಗತ್ತಿಸುವುದು ಅವಶ್ಯ.